ಓಡದ ಕುದುರೆಯ ರೇಸ್ ಮಾತು

ಚನ್ನಪಟ್ಟಣದ ಹಳೇ ಮೈಸೂರು ರಸ್ತೆಯ ಗೊಂಬೆ ಅಂಗಡಿಯೊಂದರ ಬಾಗಿಲಲ್ಲಿ ಕೆಂಪು ಮೈ, ಹಳದಿ ಜೀನಿನ ತೂಗುಕುದುರೆಯೊಂದು ನಿಂತಿದೆ. ಒಂದು ದಿಕ್ಕಿಗೆ ಬೆಂಗಳೂರು ರೇಸ್‌ಕೋರ್ಸ್, ಇನ್ನೊಂದು ದಿಕ್ಕಿಗೆ 1891ರಷ್ಟು ಹಳೆಯ ಮೈಸೂರು ರೇಸ್ ಕ್ಲಬ್. ನಡುವೆ ಇದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋದ ಮೇಲೆ ಈ ರಸ್ತೆಯ ಅಂಗಡಿಗಳಿಗೆ ಗಿರಾಕಿ ಕಡಿಮೆ. ಬಿಡುವಿದ್ದುದರಿಂದ ಕುದುರೆ ಸಂದರ್ಶನಕ್ಕೆ ಒಪ್ಪಿತು. ವಿಷಯ: ಜಾಕಿಯಾಗಿ ಶುರುಮಾಡಿ ಟ್ರೈನರ್ ಆದವರ ಬದುಕು. ಷರತ್ತು ಒಂದೇ: “ಕೂತು ಕೇಳಿ. ನನ್ನ ಮೇಲೆ ಮಾತ್ರ ಬೇಡ.”

ನಿಂತಲ್ಲೇ ತೂಗುವವರಿಗೆ ರೇಸಿನ ಬಗ್ಗೆ ಮಾತಾಡಲು ಏನು ಅರ್ಹತೆ ಎಂದು ಪ್ರತಿನಿಧಿ ಕೆಣಕಿದರು.

“ಸ್ಟ್ಯಾಂಡಿನಲ್ಲಿ ನಿಂತು ಕಿರುಚೋರಲ್ಲಿ ಎಷ್ಟು ಜನ ಓಡಿದ್ದಾರೆ?” ಎಂದಿತು ಕುದುರೆ. “ಸಂಬಂಧ ಬೇಕಿದ್ದರೆ ಅದೂ ಇದೆ. ಮಾಗಡಿ ದಾಟಿದರೆ ಕುಣಿಗಲ್. ಅಲ್ಲಿನ ಕುದುರೆ ಫಾರಂ ಟಿಪ್ಪು ಕಾಲದ್ದು. ಪರ್ಷಿಯಾದವರನ್ನು ಕರೆಸಿ ನಮ್ಮೂರಿಗೆ ಗೊಂಬೆ ಕಸುಬು ಕಲಿಸಿದವನೂ ಅವನೇ ಅನ್ನೋದು ಊರ ಮಾತು. ಕುಣಿಗಲ್‌ನ ಕುದುರೆಗಳು ದಂಡಿಗೆ ಹೋದವು, ನಾವು ತೊಟ್ಟಿಲ ಪಕ್ಕಕ್ಕೆ ಬಂದೆವು. ಥರೋಬ್ರೆಡ್‌ಗಳ ವಂಶಾವಳಿ ಹುಡುಕಿದರೆ ಇಂಗ್ಲೆಂಡಿಗೆ ಬಂದ ಮೂರು ಗಂಡುಕುದುರೆಗಳ ಹತ್ತಿರ ಹೋಗಿ ನಿಲ್ಲುತ್ತೆ. ನನ್ನದು ಹಾಲೆ ಮರ. ಒಂದೇ ಬುಡ, ತಕರಾರಿಲ್ಲ.”

ವಯಸ್ಸು ಕೇಳಿದ್ದಕ್ಕೆ ನಕ್ಕಿತು. ನಮ್ಮ ದೇಶದಲ್ಲಿ ರೇಸ್ ಕುದುರೆಗಳೆಲ್ಲಕ್ಕೂ ಜನವರಿ 1ರಂದೇ ಒಂದು ವರ್ಷ ಏರುತ್ತದೆ, ಹುಟ್ಟಿದ್ದು ಯಾವತ್ತೇ ಆಗಿರಲಿ. “ಹಿಂದೆ ಮೇಷ್ಟ್ರು ಸ್ಕೂಲಿಗೆ ಸೇರಿಸ್ಕೊಳ್ಳುವಾಗ ಎಲ್ಲ ಮಕ್ಕಳಿಗೂ ಜೂನ್ 1 ಅಂತ ಬರೆದುಬಿಡೋರಲ್ಲ, ಹಾಗೆ.”

ಜಾಕಿಯ ಪಾಡಿನ ಬಗ್ಗೆ ಕೇಳಿದಾಗ ದನಿ ಮೆತ್ತಗಾಯಿತು. “ಐವತ್ತು ಕೆ.ಜಿ. ಆಸುಪಾಸಿನಲ್ಲಿ ಬದುಕಬೇಕು. ರೇಸಿಗೆ ಮೊದಲು ತೂಕ, ಗೆದ್ದು ಬಂದ ಮೇಲೂ ತೂಕ. ಕಡಿಮೆ ಬಿದ್ದರೆ ಜೀನಿಗೆ ಸೀಸದ ತಗಡು ಸೇರಿಸ್ತಾರೆ. ಜಾಸ್ತಿಯಾದರೆ ಸೇರಿಸೋಕೆ ಉಪವಾಸ ಒಂದೇ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದ್ದೀರಲ್ಲ? ಅಲ್ಲೂ ಒಳಗಿನ ಹುಳ ಊಟ ಬಿಟ್ಟೇ ತಕ್ಕಡಿ ಹತ್ತಿರುತ್ತೆ. ವ್ಯತ್ಯಾಸ ಇಷ್ಟೇ, ಜಾಕಿ ಇಳಿದು ಮನೆಗೆ ಹೋಗ್ತಾನೆ.”

ಹಾಗಾದರೆ ಟ್ರೈನರ್ ಆಗುವುದು ಹೊಟ್ಟೆ ತುಂಬ ಉಣ್ಣುವ ಆಸೆಯಿಂದಲೇ?

“ಉಣ್ಣೋಕೆ ಪುರುಸೊತ್ತೆಲ್ಲಿ? ಜಾಕಿಯ ಕೆಲಸ ಒಂದೆರಡು ನಿಮಿಷದ್ದು. ಟ್ರೈನರ್ ಕೋಳಿ ಕೂಗೋ ಮುಂಚೆ ಎದ್ದು ಸ್ಟಾಪ್‌ವಾಚ್ ಹಿಡಿದು ನಿಲ್ಲಬೇಕು. ಮೇವು, ಲಾಳ, ಕೆಮ್ಮು, ಮಾಲೀಕರ ಫೋನು ಎಲ್ಲ ಅವನದೇ. ಗೆದ್ದರೆ ಫೋಟೋದಲ್ಲಿ ಪಕ್ಕಕ್ಕೆ, ಸೋತರೆ ಪ್ರಶ್ನೆಗಳ ನಡುವಿಗೆ.”

ಆದರೂ ಆ ದಾರಿ ಹಿಡಿದವರಿದ್ದಾರೆ. ಪೆಸಿ ಶ್ರಾಫ್ ಜೀನಿನ ಮೇಲೆ 1,700ಕ್ಕೂ ಹೆಚ್ಚು ಗೆಲುವು ಕಂಡು, 2004ರಲ್ಲಿ ಸವಾರಿ ಬಿಟ್ಟು ಟ್ರೈನರ್ ಆದರು. ಅಲ್ಲೂ ಹೆಸರು ಮಾಡಿದರು. ಕುದುರೆಗೆ ಹೆಚ್ಚು ಇಷ್ಟವಾದದ್ದು ಮಾತ್ರ ಇಂಗ್ಲೆಂಡಿನ ಫ್ರೆಡ್ ವಿಂಟರ್ ಕಥೆ. 1962ರಲ್ಲಿ ಪ್ಯಾರಿಸಿನ ದೊಡ್ಡ ಸ್ಟೀಪಲ್‌ಚೇಸಿನಲ್ಲಿ, ಓಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅವರ ಕುದುರೆ ‘ಮ್ಯಾಂಡರಿನ್’ ಬಾಯಲ್ಲಿದ್ದ ಕಡಿವಾಣ ಮುರಿಯಿತು. ವಿಂಟರ್ ಉಳಿದ ಬೇಲಿಗಳನ್ನೆಲ್ಲ ತೊಡೆ, ಮೈಭಾರಗಳಿಂದಲೇ ದಿಕ್ಕು ತೋರಿಸಿ ಹಾರಿಸಿ, ತಲೆಯಷ್ಟು ಅಂತರದಲ್ಲಿ ಗೆದ್ದರು. ಸವಾರಿ ಬಿಟ್ಟ ಮೇಲೆ ರೇಸ್ ಶುರುಮಾಡಿಸುವ ಸ್ಟಾರ್ಟರ್ ಕೆಲಸಕ್ಕೆ ಅರ್ಜಿ ಹಾಕಿದರೆ ಅಧಿಕಾರಿಗಳು ಬೇಡ ಅಂದರು. ಅದಕ್ಕೇ ಟ್ರೈನರ್ ಆದರು. 1965ರಲ್ಲಿ, ಮೊದಲ ಸೀಸನ್ನಿನಲ್ಲೇ, ಗ್ರ್ಯಾಂಡ್ ನ್ಯಾಷನಲ್ ಗೆದ್ದರು, 1966ರಲ್ಲಿ ಮತ್ತೊಮ್ಮೆ. ಜಾಕಿಯಾಗಿ ಅದೇ ರೇಸನ್ನು 1957 ಮತ್ತು 1962ರಲ್ಲಿ ಗೆದ್ದಾಗಿತ್ತು.

“ಅರ್ಜಿ ತಿರಸ್ಕರಿಸಿದ ಆ ಸಾಹೇಬರಿಗೆ ಒಂದು ಕಪ್ ಕೊಡಬೇಕಿತ್ತು,” ಎಂದು ಕುದುರೆ ತೂಗಿತು. “ಕಡಿವಾಣ ನನಗೂ ಇಲ್ಲ. ನನ್ನ ಮೇಲೆ ಕೂತ ಮಕ್ಕಳು ಕಿವಿ ತಿರುವಿ ಗಾಡಿ ಓಡಿಸ್ತಾರೆ.”

ಹಳೇ ಜಾಕಿಗೆ ಟ್ರೈನರ್ ಆಗಿ ಸಿಗುವ ಲಾಭವೇನು ಎಂಬ ಪ್ರಶ್ನೆಗೆ ಕುದುರೆ ಒಳಗಿನ ಕಾರ್ಖಾನೆಯತ್ತ ನೋಡಿತು. ಅಲ್ಲಿ ಲೇತ್ ಮೇಲೆ ಹಾಲೆ ಮರದ ತುಂಡೊಂದು ಗಿರಗಿರ ತಿರುಗುತ್ತಿತ್ತು. ಕಸುಬುದಾರ ಕೆಂಪು ಅರಗಿನ ಕಡ್ಡಿ ಒತ್ತಿದ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಆಮೇಲೆ ತಾಳೆಗರಿ ಹಿಡಿದು ಮಿನುಗು ತಂದ. ಬಿಸಿ ಸಾಕೋ ಬೇಕೋ ನೋಡಲು ಅವನ ಬಳಿ ಮೀಟರ್ ಇರಲಿಲ್ಲ. ಬೆರಳಿತ್ತು.

“ಟ್ರೈನರೂ ಇದನ್ನೇ ಮಾಡೋದು. ಬೆಳಿಗ್ಗೆ ಕೆಳಗೆ ಕೂತು ಕುದುರೆ ಮುಂಗಾಲನ್ನ ಮಂಡಿಯಿಂದ ಗೊರಸಿನವರೆಗೂ ಸವರ್ತಾನೆ. ಇಲ್ಲಿ ಬಿಸಿ ಬಂದರೆ ಬಣ್ಣ ಹತ್ತುತ್ತೆ. ಅಲ್ಲಿ ಬಿಸಿ ಬಂದರೆ ಸ್ನಾಯುರಜ್ಜು ನೊಂದಿದೆ ಅಂತ. ಆ ವಾರ ಓಟ ಇಲ್ಲ. ಮೇಲೆ ಕೂತು ಓಡಿಸಿದವನಿಗೆ ಕುದುರೆ ಯಾವ ಕಾಲು ಬಚ್ಚಿಡ್ತಾ ಇದೆ ಅಂತ ತೊಡೆಗೇ ಗೊತ್ತಾಗಿರುತ್ತೆ. ಆ ತಿಳಿವಳಿಕೆ ಈಗ ಕೈಗೆ ಇಳಿದಿರುತ್ತೆ, ಅಷ್ಟೇ. ಹುರುಳಿ ತಿಂದವರ ಮಾತಿನಲ್ಲಿ ಹುರುಳಿರುತ್ತೆ ನೋಡಿ.”

ಈ ಜಿಲ್ಲೆಯ ಪ್ರಸಿದ್ಧ ಕುದುರೆ ತಾವೇ ತಾನೇ ಎಂದು ಪ್ರತಿನಿಧಿ ಹೊಗಳಿದರು.

ಕುದುರೆಗೆ ಸಿಟ್ಟು ಬಂತು. “ರಾಮದೇವರ ಬೆಟ್ಟದಲ್ಲಿ ಶೋಲೆ ಸಿನಿಮಾ ತೆಗೆದರಲ್ಲ, 1975ರಲ್ಲಿ ಬಂತು. ಐವತ್ತು ವರ್ಷ ಆದರೂ ಅದರಲ್ಲಿನ ಬಸಂತಿಯ ಕುದುರೆ ಧನ್ನೋ ಹೆಸರು ಎಲ್ಲರ ಬಾಯಲ್ಲಿದೆ. ಬಸಂತಿಯ ಬದಲು ಟಾಂಗಾ ಮೇಲೆ ಸಾಹಸ ಮಾಡಿದ ರೇಷ್ಮಾ ಪಠಾಣ್ ಹೆಸರು ಎಷ್ಟು ಜನಕ್ಕೆ ಗೊತ್ತು? ರೇಷ್ಮೆ ಊರಲ್ಲೇ ರೇಷ್ಮಾಳನ್ನ ಮರೆತರು. ಸರಿ, ಆ ಧನ್ನೋಗೆ ಓಟ ಕಲಿಸಿದವರು ಯಾರು? ಅದನ್ನ ಯಾರೂ ಕೇಳಲೂ ಇಲ್ಲ.”

ಪ್ರತಿನಿಧಿ ಮುಂದಿನ ಪ್ರಶ್ನೆಗೆ ಹಾಳೆ ಮಗುಚುವಷ್ಟರಲ್ಲಿ ಕಾರೊಂದು ನಿಂತಿತು. ಕನಕಪುರದ ಕಡೆಗೆ ಹೋಗುವ ದಾರಿ ಕೇಳಲು ಬಂದವರಂತೆ. ಹಿಂದಿನ ಸೀಟಿನಿಂದ ಇಳಿದ ಮೂರು ವರ್ಷದ ಹುಡುಗಿ ಯಾರನ್ನೂ ಕೇಳದೆ ಕುದುರೆ ಏರಿ ಎರಡೂ ಕಿವಿ ಹಿಡಿದಳು.

“ಬರ್ಕೊಳ್ಳಿ,” ಎಂದಿತು ಕುದುರೆ, ತೂಗುತ್ತಲೇ. “ಜಾಕಿ ತೂಕ ಹದಿನಾಲ್ಕು ಕೆ.ಜಿ. ಕೈಯಲ್ಲಿ ಬಿಸ್ಕತ್ತು ಬೇರೆ. ಸೀಸ ಬೇಡ.”