ಹುಲ್ಲಿನ ಮಷೀನು ಹೇಳಿದ್ದು: ಒಂದು ಕಾಲ್ಪನಿಕ ಸಂದರ್ಶನ

ಕೂತು ಓಡಿಸುವ ಹುಲ್ಲಿನ ಮಷೀನು, ಅಂಗಡಿಯವರ ಮಾತಿನಲ್ಲಿ ರೈಡಿಂಗ್ ಮೋವರ್, ದೊಡ್ಡ ಸಪಾಟು ಜಾಗದ ಹುಲ್ಲನ್ನು ಒಂದೇ ಎತ್ತರಕ್ಕೆ ಕತ್ತರಿಸುವ ಸಾಧನ. ಕೈಪಿಡಿಗಳ ಪ್ರಕಾರ ಇದನ್ನು ಕೊಳ್ಳುವ ಮುನ್ನ ಜಾಗದ ವಿಸ್ತಾರ, ಮಣ್ಣು, ಹುಲ್ಲಿನ ಜಾತಿ, ಗೇಟಿನ ಅಗಲ, ಇಂಧನ, ರಿಪೇರಿ ಇಷ್ಟನ್ನೂ ನೋಡಬೇಕು. ರೂಢಿಯಲ್ಲಿ ನೋಡುವುದು ಬಣ್ಣ ಮತ್ತು ಸೀಟು. ಈ ಅಂತರದ ಬಗ್ಗೆ ತಿಳಿಯಲು ಹುಬ್ಬಳ್ಳಿಯ ಕೇಶ್ವಾಪುರದ ಒಂದು ಸಂಸ್ಥೆಯ ಶೆಡ್ಡಿನಲ್ಲಿ ನಿಂತಿರುವ ಮಷೀನನ್ನು ಸಂದರ್ಶಿಸಲಾಯಿತು. ಸಂಸ್ಥೆಯ ಹೆಸರು ಹೇಳಲು ಮಷೀನು ಒಪ್ಪಲಿಲ್ಲ. ಮೈದಾನ ಐದು ಎಕರೆ, ಶೆಡ್ಡಿನ ತಗಡು ಸೋರುತ್ತದೆ ಎಂಬೆರಡು ವಿಷಯಗಳನ್ನು ಮಾತ್ರ ದಾಖಲೆಗೆ ಕೊಟ್ಟಿತು.

ಮೊದಲ ಪ್ರಶ್ನೆ ಮನೆತನದ ಬಗ್ಗೆ.

“ನಮ್ಮ ಮೂಲಪುರುಷ ಹುಟ್ಟಿದ್ದು ಬಟ್ಟಿ ಗಿರಣಿ ಮಗ್ಗಲಾಗ್ರೀ,” ಎಂದಿತು ಮಷೀನು. ಇದು ನಿಜ. ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನ ಎಡ್ವಿನ್ ಬಡ್ಡಿಂಗ್ ಎಂಬ ಎಂಜಿನಿಯರ್, ಉಣ್ಣೆಬಟ್ಟೆಯ ಜುಂಗನ್ನು ಕತ್ತರಿಸುವ ಗಿರಣಿ ಯಂತ್ರವನ್ನು ಕಂಡು ಅದೇ ಉಪಾಯವನ್ನು ಹುಲ್ಲಿಗೆ ಹೊಂದಿಸಿ 1830ರಲ್ಲಿ ಪೇಟೆಂಟ್ ಪಡೆದ. ಮುಂದೆ ದೊಡ್ಡ ಯಂತ್ರಗಳನ್ನು ಕುದುರೆಗಳು ಎಳೆದವು; ಹುಲ್ಲಿನ ಮೇಲೆ ಗೊರಸಿನ ಗುರುತು ಬೀಳದಿರಲೆಂದು ಅವುಗಳ ಕಾಲಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. 1902ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಕಂಪನಿ ಪೆಟ್ರೋಲ್ ಯಂತ್ರವನ್ನು ಮಾರಾಟಕ್ಕೆ ತಂದಿತು. ಭಾರತಕ್ಕೆ ಅವಸರವಿರಲಿಲ್ಲ. ಹೊಸದಿಲ್ಲಿಯ ಸರ್ಕಾರಿ ಹುಲ್ಲುಹಾಸುಗಳಲ್ಲೂ ತಾಜಮಹಲಿನ ತೋಟದಲ್ಲೂ ಬಹಳ ಕಾಲ ಮೋವರ್ ಎಳೆದದ್ದು ಎತ್ತುಗಳೇ.

“ಎತ್ತಿನ ಮುಂದ ನಂದೇನ್ ನಡಿಯಂಗಿಲ್ರೀ. ಅದು ಮಷೀನ್ ಎಳೀತಿತ್ತು, ಕತ್ತರಿಸಿದ ಹುಲ್ಲು ತಿಂತಿತ್ತು, ಮ್ಯಾಲ ಗೊಬ್ಬರಾನೂ ಕೊಡ್ತಿತ್ತು. ಮೂರರಾಗ ನನಗ ಒಂದ ಬರ್ತೈತಿ. ಮಲ್ಚಿಂಗ್ ಕಿಟ್ ಹಾಕಿಸಿದ್ರ ಒಂದೂವರಿ ಅನ್ರಿ.” ಮಲ್ಚಿಂಗ್ ಎಂದರೆ ಕತ್ತರಿಸಿದ ಹುಲ್ಲನ್ನು ಡೆಕ್ಕಿನೊಳಗೇ, ಅಂದರೆ ಅಲಗನ್ನು ಮುಚ್ಚಿದ ತಗಡಿನ ಕವಚದೊಳಗೇ, ಮತ್ತೆ ಮತ್ತೆ ಕೊಚ್ಚಿ ನೆಲಕ್ಕೆ ಉದುರಿಸುವ ಪದ್ಧತಿ. ಆ ಚೂರು ಕೊಳೆತು ಅದರ ಸಾರಜನಕ ನೆಲಕ್ಕೆ ಮರಳುತ್ತದೆ. ಹುಲ್ಲು ಒದ್ದೆಯಿದ್ದರೆ ಮಾತ್ರ ಕೊಳೆಯುವ ಮುಂಚೆಯೇ ಮುದ್ದೆಗಟ್ಟುತ್ತದೆ.

ನಂತರದ ವಿಷಯ ಜಾಗ. ಕೇಶ್ವಾಪುರದಲ್ಲಿ ದೊಡ್ಡ ಸಪಾಟು ಜಾಗ ಯಾರ ಬಳಿ ಇದೆ ಎಂದು ಕೇಳಲಾಯಿತು. ಮಷೀನು ಗದಗ ರಸ್ತೆಯ ಕಡೆ ಮುಖ ಮಾಡಿತು. ಅಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ರೈಲ್ ಸೌಧವಿದೆ. ಈ ವಲಯ ಕೆಲಸ ಆರಂಭಿಸಿದ್ದು 2003ರ ಏಪ್ರಿಲ್ 1ರಂದು. ರೈಲ್ವೆಯ ಕಂಪೌಂಡು, ಶಾಲೆಗಳ ಆಟದ ಬಯಲು ಇವನ್ನು ಬಿಟ್ಟರೆ ಉಳಿದದ್ದು ಹೆಚ್ಚಾಗಿ ಮೂವತ್ತು-ನಲವತ್ತರ ಸೈಟು. ಒಂದು ಸೈಟು ಎಂದರೆ 111 ಚದರ ಮೀಟರ್, ಒಂದು ಗುಂಟೆಗಿಂತ ತುಸು ಹೆಚ್ಚು. ಅದರಲ್ಲಿ ಮನೆ, ಸಂಪು, ಕಾರು, ತುಳಸಿಕಟ್ಟೆ ಕಳೆದರೆ ಹುಲ್ಲಿಗೆ ಸಿಗುವುದು ಕುಂಡ.

“ಆದ್ರೂ ಸೈಟಿನ ಮಂದಿ ಬಂದು ರೇಟ್ ಕೇಳ್ತಾರ್ರೀ. ಒಬ್ಬರಂತೂ ಟೆರೇಸ್ ಮ್ಯಾಲ ಓಡ್ತೈತೇನು ಅಂದ್ರು.”

ಲೆಕ್ಕ ಹೀಗಿದೆ. 42 ಇಂಚಿನ ಡೆಕ್ಕು, ಅಂದರೆ 107 ಸೆಂಟಿಮೀಟರ್ ಅಗಲ, ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಓಡಿದರೆ ಕಾಗದದ ಮೇಲೆ ಗಂಟೆಗೆ ಸುಮಾರು 6,400 ಚದರ ಮೀಟರ್ ಆಗುತ್ತದೆ. ಸಾಲಿನ ಮೇಲೆ ಸಾಲು ಬೀಳುವುದಕ್ಕೂ ತಿರುವಿಗೂ ಐದನೇ ಒಂದು ಪಾಲು ಕಳೆದರೆ ಉಳಿಯುವುದು ಗಂಟೆಗೆ ಒಂದೂಕಾಲು ಎಕರೆ. ಐದು ಎಕರೆಗೆ ನಾಲ್ಕು ಗಂಟೆ. 54 ಇಂಚಿನ ಡೆಕ್ಕಿನಲ್ಲಿ ಅದೇ ಕೆಲಸ ಮೂರು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮೂವತ್ತು-ನಲವತ್ತರ ಸೈಟು ಪೂರ್ತಿ ಹುಲ್ಲೇ ಆಗಿದ್ದರೂ ಎರಡು ನಿಮಿಷದ ಬಾಬತ್ತು. ಶೆಡ್ಡಿನಿಂದ ತೆಗೆದು ಬೆಲ್ಟಿನ ಧೂಳು ಒರೆಸುವ ಹೊತ್ತೂ ಅಲ್ಲ.

ಅಗಲದ ಪ್ರಸ್ತಾಪ ಬಂದಾಗ ಮಷೀನಿನ ದನಿ ಬದಲಾಯಿತು.

“ನಾನು 54 ಇಂಚಿನವ. ಕಮಿಟ್ಯಾಗ ಒಂದು ತಾಸು ಉಳೀತೈತಿ ಅಂತ ದೊಡ್ಡದ ಆರಿಸಿದ್ರು. ಯಾರ ತಾಸು ಅಂತ ಯಾರೂ ಕೇಳಲಿಲ್ಲ. ಲಾರಿಯಿಂದ ಇಳಿಸಿದ ಮ್ಯಾಲ ನೋಡ್ತಾರ, ಮೈದಾನದ ಗೇಟು ನಾಲ್ಕ ಅಡಿ.”

ನಾಲ್ಕು ಅಡಿ ಎಂದರೆ 48 ಇಂಚು. ಡೆಕ್ಕಿನ ಅಳತೆ ಅಲಗು ಕತ್ತರಿಸುವ ಅಗಲ ಮಾತ್ರ. ಹುಲ್ಲು ಹೊರಗೆ ಚೆಲ್ಲುವ ಮಗ್ಗಲಿನ ಚೂಟ್ ಅದರಾಚೆಗೆ ಇನ್ನಷ್ಟು ಚಾಚಿರುತ್ತದೆ. ಆದ್ದರಿಂದ ಟೇಪು ಹಿಡಿಯಬೇಕಾದದ್ದು ಮೊದಲು ಗೇಟಿಗೆ, ಆಮೇಲೆ ಮೈದಾನಕ್ಕೆ. ಸಂಸ್ಥೆ ಎರಡನ್ನೂ ಬಿಟ್ಟು ಕೊಟೇಶನ್ನಿಗೆ ಟೇಪು ಹಿಡಿದಿತ್ತು. ಮೂರು ಕೊಟೇಶನ್ನಿನಲ್ಲಿ ಕಡಿಮೆಯದನ್ನು ಒಪ್ಪಿ ಉಳಿಸಿದ ಹಣ ಕಂಪೌಂಡು ಒಡೆದು ಹೊಸ ಗೇಟು ಕೂರಿಸಲು ಸಾಲಲಿಲ್ಲವಂತೆ. ಗೇಟು ಸಿವಿಲ್ ಕೆಲಸ, ಮಷೀನು ತೋಟಗಾರಿಕೆ. ಎರಡರ ಫೈಲು ಬೇರೆ, ಟೇಬಲ್ಲು ಬೇರೆ. ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಸಪಾಟು ಎಂಬುದರ ಅರ್ಥ ಮಣ್ಣಿಗೆ ತಕ್ಕಂತೆ ಬದಲಾಗುತ್ತದೆ. ಇಳಿಜಾರಿನಲ್ಲಿ ರೈಡಿಂಗ್ ಮೋವರ್ ಮಗುಚುವ ಭಯವಿದೆ. ಸಾಮಾನ್ಯ ಕೈಪಿಡಿಗಳು 15 ಡಿಗ್ರಿಗಿಂತ ಹೆಚ್ಚಿನ ಇಳುಕಲಿಗೆ ಹೋಗಬೇಡಿ ಎನ್ನುತ್ತವೆ. ಸಪಾಟು ನೆಲದಲ್ಲಿ ಆ ಚಿಂತೆಯಿಲ್ಲ, ಆದರೆ ಹುಬ್ಬಳ್ಳಿಯ ಸಪಾಟು ನೆಲದಲ್ಲಿ ಹೆಚ್ಚಿನದು ಎರೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಜುಲೈನಲ್ಲಿ ನೀರು ಹರಿದು ಹೋಗಲು ಇಳುಕಲಿಲ್ಲ, ಇಂಗಲು ಮಣ್ಣು ಬಿಡುವುದಿಲ್ಲ. ಆಗ ಇನ್ನೂರು-ಮುನ್ನೂರು ಕಿಲೋ ತೂಕದ ಮಷೀನು ಇಳಿದರೆ ಗಾಲಿಯ ಹಾದಿ ದೀಪಾವಳಿವರೆಗೂ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಬಿರುಕಿಗೆ ಮುಂದಿನ ಸಣ್ಣ ಗಾಲಿ ಸಿಗುತ್ತದೆ.

“ಹುಲ್ಲು ಬೆಳ್ಯೂದು ಮಳ್ಯಾಗ. ಮಳ್ಯಾಗ ನಾ ಇಳಿಯಂಗಿಲ್ಲ. ನಾ ಇಳಿಯೂ ಹೊತ್ತಿಗೆ ಹುಲ್ಲ ಇರಂಗಿಲ್ಲ. ಇದನ್ನ ಖರೀದಿ ಮುಂಚೆ ಯಾರರೆ ಒಬ್ಬ ಎರಿ ಹೊಲದ ರೈತನ್ನ ಕೇಳಿದ್ರ ಹೇಳ್ತಿದ್ದ.” ಪರಿಹಾರವೂ ರೈತನಿಗೆ ಗೊತ್ತಿರುವಂಥದ್ದೇ: ನೀರು ಹೋಗಲು ಕಾಲುವೆ, ಮೇಲ್ಮಣ್ಣಿಗೆ ಮರಳು, ಅಗಲವಾದ ಟೈರು, ಮಳೆ ಬಿಟ್ಟ ಮೇಲೆ ನೆಲ ಆರುವ ತನಕ ತಾಳ್ಮೆ. ಈ ಕೊನೆಯದಕ್ಕೆ ಟೆಂಡರ್ ಕರೆಯುವ ಏರ್ಪಾಡಿಲ್ಲ.

ಕೂತು ಓಡಿಸುವ ಮಷೀನಿನ ಜಾತಿಗಳ ಪೈಕಿ ಲಾನ್ ಟ್ರ್ಯಾಕ್ಟರಿಗೆ ಮುಂದೆ ಇಂಜಿನ್, ನಡುವೆ ಡೆಕ್ಕು, ಕೈಗೆ ಸ್ಟೇರಿಂಗ್. ಝೀರೋ ಟರ್ನ್ ಎಂಬುದರಲ್ಲಿ ಹಿಂದಿನ ಎರಡು ಗಾಲಿಗಳನ್ನು ಎರಡು ಹೈಡ್ರಾಲಿಕ್ ಪಂಪುಗಳು ಬೇರೆ ಬೇರೆಯಾಗಿ ತಿರುಗಿಸುತ್ತವೆ. ಒಂದು ಮುಂದೆ ಇನ್ನೊಂದು ಹಿಂದೆ ಓಡಿದರೆ ಮಷೀನು ನಿಂತಲ್ಲೇ ಸುತ್ತುತ್ತದೆ. ತೆರೆದ ಸಪಾಟು ಜಾಗದಲ್ಲಿ ಇದೇ ವೇಗದ್ದು, ಮರದ ಬುಡಕ್ಕೂ ಅನುಕೂಲ. ಒಂದು ಗಾಲಿಯನ್ನು ನಿಲ್ಲಿಸಿ ಗರ್ರನೆ ತಿರುಗಿಸಿದರೆ ಹುಲ್ಲು ಬೇರುಸಹಿತ ಕಿತ್ತು ಬರುತ್ತದೆ, ಒದ್ದೆ ಎರೆಯಲ್ಲಿ ಇನ್ನೂ ಬೇಗ. ಐದು ಎಕರೆ ಬಯಲಿಗೆ ಝೀರೋ ಟರ್ನ್ ಸರಿ, ಓಡಿಸುವವನಿಗೆ ಎರಡು ವಾರ ಕಲಿಯಲು ಬಿಟ್ಟರೆ.

ಅಲಗಿನ ವಿಷಯದಲ್ಲಿ ಮಷೀನು ಕ್ರಿಕೆಟ್ಟಿನ ಉದಾಹರಣೆ ಕೊಟ್ಟಿತು. ಹುಬ್ಬಳ್ಳಿಯ ರಾಜನಗರದ ಕೆಎಸ್‌ಸಿಎ ಮೈದಾನದಂಥ ಕಡೆ ಗರಿಕೆ ಜಾತಿಯ ಹುಲ್ಲನ್ನು ನೆಲಕ್ಕಂಟಿದಂತೆ ಕತ್ತರಿಸಬೇಕು. ಅದಕ್ಕೆ ಬಡ್ಡಿಂಗನ ವಂಶದ ಉರುಳೆ ಅಲಗೇ ಬೇಕು, ಅದು ಕತ್ತರಿಯ ಹಾಗೆ ಕತ್ತರಿಸುತ್ತದೆ. ಸಾಮಾನ್ಯ ಬಯಲಿಗೆ ರೋಟರಿ ಅಲಗು. ಅದು ವೇಗದಿಂದ ಹೊಡೆದು ಕೊಯ್ಯುತ್ತದೆ. ಅಮೆರಿಕದ ಸುರಕ್ಷತಾ ಮಾನದಂಡ ಇದರ ತುದಿಯ ವೇಗಕ್ಕೆ ನಿಮಿಷಕ್ಕೆ 19,000 ಅಡಿಯ ಮಿತಿ ಹಾಕಿದೆ. ಗಂಟೆಯ ಲೆಕ್ಕದಲ್ಲಿ ಅದು 347 ಕಿಲೋಮೀಟರ್. ಆ ವೇಗದ ಅಲಗಿಗೆ ಖಡಿ ಸಿಕ್ಕರೆ ಏನಾದೀತೆಂದು ಪಕ್ಕದ ಮನೆಯ ಕಿಟಕಿಗಳು ಬಲ್ಲವು.

“ನಮ್ಮ ಮೈದಾನದಾಗ ಹುಲ್ಲಿಗಿಂತ ಕಾಂಗ್ರೆಸ್ ಕಸ ಜಾಸ್ತಿ ಐತ್ರೀ, ಕಸಕ್ಕಿಂತ ಗುಟ್ಕಾ ಚೀಟಿ ಜಾಸ್ತಿ. ಟೆಂಡರಿನಾಗ ಹುಲ್ಲು ಅಂತ ಬರದಿತ್ತು.” ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಹೂ ಬಿಟ್ಟ ಮೇಲೆ ಕತ್ತರಿಸಿದರೆ ಬೀಜ ಮೈದಾನದ ತುಂಬ ಹರಡುತ್ತದೆ, ಅದನ್ನು ಹೂವಿಗೆ ಮುಂಚೆ ಬೇರುಸಹಿತ ಕೀಳಬೇಕು. ಇದು ಸೀಟಿನ ಮೇಲೆ ಕೂತು ಮಾಡುವ ಕೆಲಸವಲ್ಲ.

ಸೀಟಿನ ಕೆಳಗೆ ಒಂದು ಸ್ವಿಚ್ಚಿರುತ್ತದೆ. ಅಲಗು ತಿರುಗುತ್ತಿರುವಾಗ ಚಾಲಕ ಎದ್ದರೆ ಇಂಜಿನ್ ನಿಲ್ಲುತ್ತದೆ. ಕೈಕಾಲು ಉಳಿಯಲೆಂದೇ ಮಾಡಿದ ವ್ಯವಸ್ಥೆ. ಇದು ಇಲ್ಲಿ ಹೇಗೆ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಗೆ ಮಷೀನು ಸೀಟಿನ ಮೇಲಿದ್ದ ಇಟ್ಟಂಗಿಯನ್ನು ತೋರಿಸಿತು. ಫೋನು ಬಂದಾಗ ಚಾಲಕ ಇಳಿದು ಮಾತಾಡುತ್ತಾನೆ, ಅವನ ಹಾಜರಿಯನ್ನು ಇಟ್ಟಂಗಿ ಹಾಕುತ್ತದೆ.

ಇಂಧನದ ತೊಡಕು ಇತ್ತೀಚಿನದು. ಬಂಕಿನ ಪೆಟ್ರೋಲಿನಲ್ಲಿ ಈಗ 20 ಪ್ರತಿಶತದವರೆಗೂ ಎಥನಾಲ್ ಇರುತ್ತದೆ. ಅನೇಕ ಸಣ್ಣ ಇಂಜಿನ್‌ಗಳ ಕೈಪಿಡಿ 10ಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ. ಕಬ್ಬಿನಿಂದಲೂ ಬರುವ ಈ ಎಥನಾಲ್ ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಂತರೆ ಕಾರ್ಬೊರೇಟರ್ ಕಟ್ಟುತ್ತದೆ. “ಬೆಳಗಾವಿ, ಬಾಗಲಕೋಟಿ ಕಬ್ಬಿನ ಹಾಲು ಕುಡ್ಯಾಕ ಚಲೋ ಐತ್ರೀ. ನನ್ನ ಹೊಟ್ಟಿಗಿ ಸೇರಂಗಿಲ್ಲ.” ಕೊಳ್ಳುವಾಗಲೇ ಇ-20ಕ್ಕೆ ಒಪ್ಪುವ ಇಂಜಿನ್ ಕೇಳಿ ಪಡೆಯುವುದು, ಬೇಸಿಗೆಗೆ ಮುಂಚೆ ಟ್ಯಾಂಕು ಬರಿದು ಮಾಡುವುದು, ಬ್ಯಾಟರಿ ಬಿಚ್ಚಿಡುವುದು ಇವಿಷ್ಟು ಸಾಕು. ಬೆಲ್ಟು, ಅಲಗು, ಫಿಲ್ಟರು ಊರಿನಲ್ಲೇ ಸಿಗುವ ಮಾದರಿಯನ್ನು ಆರಿಸಬೇಕೆಂಬುದು ಎಲ್ಲರಿಗೂ ಗೊತ್ತಿದೆ, ಬೆಲ್ಟು ಹರಿದ ಮೇಲೆ.

ಹಾಗಾದರೆ ಐದು ಎಕರೆಗೆ ಏನು ಕೊಳ್ಳಬೇಕು?

“ವರ್ಷಕ್ಕ ನಾಲ್ಕೈದು ತಿಂಗಳ ಕೆಲಸ ಐತಿ. ನೀರು ಬಿಟ್ಟು ವರ್ಷಪೂರ್ತಿ ಹುಲ್ಲು ಹಸರ ಇಡೋರಿದ್ರ 42 ಇಂಚಿಂದು ಒಂದು ತಗೋರಿ. ಆದ್ರ ಮಲಪ್ರಭಾ ನೀರು ನಳಕ್ಕ ದಿನಾ ಬರಂಗಿಲ್ಲ, ಹುಲ್ಲಿಗಿ ಯಾರ ಬಿಡ್ತಾರ? ಉಳದವ್ರು ಹೆಗಲಿಗಿ ಹಾಕ್ಕೊಳ್ಳೂ ಬ್ರಷ್ ಕಟರ್ ಇರೋ ಇಬ್ಬರನ್ನ ಪಗಾರ ಕೊಟ್ಟು ಕರೀರಿ. ಇಲ್ಲಾಂದ್ರ ಕುರಿ ಕಾಯೋನಿಗಿ ಗೇಟು ತಗೀರಿ. ಅವನ ಹಿಂಡು ನಾಲ್ಕ ಅಡಿ ಗೇಟಿನಾಗ ಆರಾಮ ಬರ್ತೈತಿ.”

ಕೊನೆಯ ಬಾಬತ್ತು ವಿಲೇವಾರಿ. ಆಯುಷ್ಯ ಮುಗಿದ ಮಷೀನನ್ನು ದಾಸ್ತಾನು ಪುಸ್ತಕದಿಂದ ತೆಗೆದು ಹರಾಜು ಹಾಕಬೇಕು. ಅದಕ್ಕೆ ಮಷೀನು ಎಷ್ಟು ತಾಸು ಓಡಿದೆ ಎಂಬ ಲೆಕ್ಕ ಬೇಕು. ಮೀಟರು 11 ತಾಸು ತೋರಿಸುತ್ತಿದೆ, ಲಾಗ್‌ಬುಕ್ಕಿನಲ್ಲಿ ಪೆಟ್ರೋಲು 900 ತಾಸಿನದು ಖರ್ಚಾಗಿದೆ. ಎರಡೂ ತಾಳೆಯಾಗುವ ತನಕ ಹರಾಜಿಲ್ಲ.

“ಹರಾಜಾದ್ರೂ ಸೀಟು ಬರಂಗಿಲ್ರೀ,” ಎಂದಿತು ಮಷೀನು. “ಆಫೀಸಿನಾಗ ಹೆಡ್ ಕ್ಲಾರ್ಕ್ ಸಾಹೇಬರ ಖುರ್ಚಿ ಮುರದೈತಿ. ನಿನ್ನೆ ಬಂದು ಅಳತಿ ತಗೊಂಡು ಹೋಗ್ಯಾರ.”