ಎರಡನೆಯ ರೈಫಲ್ ಪ್ರಸಂಗ

(ಟೆಕ್ಸಾಸ್, ಡಾಲಸ್ ಪಕ್ಕದ ಬಡಾವಣೆ. ಗ್ರೀನ್ ಕಾರ್ಡ್ ಬಂದ ಖುಷಿಗೆ ಯಜಮಾನರು ಎಆರ್-15 ರೈಫಲ್ ಕೊಂಡಾಗಿದೆ. ಈಗ ಅಡುಗೆಮನೆ ಕಟ್ಟೆಯ ಮೇಲೆ ಸಾರಿನ ಪುಡಿ ಡಬ್ಬಿ, ಪಕ್ಕದಲ್ಲಿ ಲ್ಯಾಪ್‌ಟಾಪ್.)

"ಕೇಳಿಲ್ಲಿ, ಇನ್ನೊಂದು ರೈಫಲ್ ತಗೊಳ್ಳೋಣ ಅಂತ."

"ಇರೋದಕ್ಕೇನಾಯ್ತು ರೀ?"

"ಅದರ ಗುಂಡು ದುಬಾರಿ ಕಣೇ. ರೂಗರ್ 10/22 ಅಂತಿದೆ, 1964ರಿಂದ ಬರ್ತಿರೋ ಮಾಲು. ಪುಟಾಣಿ .22 ಗುಂಡು, ಮ್ಯಾಗಜೀನಿಗೆ ಹತ್ತು. ಟ್ರಿಗರ್ ಒತ್ತಿದ್ರೆ ಒಂದು ಹಾರತ್ತೆ, ಮುಂದಿನದು ತಾನೇ ಬಂದು ಕೂರತ್ತೆ, ಸೆಮಿ ಆಟೋಮ್ಯಾಟಿಕ್ಕು. ಎಷ್ಟು ಉಳಿತಾಯ ಗೊತ್ತಾ!"

"ದುಡ್ಡು ಉಳಿಸೋಕೆ ದುಡ್ಡು ಸುರಿಯೋದು. ಬಜೆಟ್ ಎಷ್ಟು?"

"ಐನೂರು ಡಾಲರ್. ದುರ್ಬೀನು, ಪಟ್ಟಿ, ಚೀಲ ಎಲ್ಲ ಸೇರಿ. ಅಂಗಡೀಲಿ 4473 ಅನ್ನೋ ಬಂದೂಕು ಖರೀದಿ ನಮೂನೆ ತುಂಬಿದ್ರೆ ಹಿನ್ನೆಲೆ ವಿಚಾರಣೆ ಎಷ್ಟೋ ಸಲ ನಿಮಿಷಗಳಲ್ಲಿ ಮುಗಿಯತ್ತೆ."

"ನಮ್ಮಮ್ಮನ ವೀಸಾ ಸಂದರ್ಶನಕ್ಕೆ ಇನ್ನೂ ದಿನ ಸಿಕ್ಕಿಲ್ಲ."

(ಯಜಮಾನರು ಕೆಮ್ಮುತ್ತಾರೆ. ಅತ್ತೆಯ ವಿಷಯಕ್ಕೆ ಯಾವ ದೇಶದಲ್ಲೂ ಇದೇ ಕೆಮ್ಮು.)

"ಇಡೋದೆಲ್ಲಿ?"

"ಸೇಫ್‌ನಲ್ಲಿ ಜಾಗ ಇದೆಯಲ್ಲ."

"ಅಲ್ಲಿ ನನ್ನ ಕಾಸಿನ ಸರ ಇದೆ."

"ಅದನ್ನ ಕಾಯೋಕೇ ತಾನೇ ರೈಫಲ್ಲು!"

"ಕಳ್ಳ ಬಂದಾಗ ಸೇಫ್ ನಂಬರಿಗೆ ನನ್ನನ್ನೇ ಎಬ್ಬಿಸ್ತೀರಿ. ಹೋಗಲಿ, ತಗೊಳ್ಳಿ. ಆದ್ರೆ ನನಗೂ ಎರಡನೆಯದು ಬೇಕು."

"ರೈಫಲ್ಲಾ?"

"ಗ್ರೈಂಡರ್ರು. ಇಡ್ಲಿಗೊಂದು, ದೋಸೆಗೊಂದು. ಅದೂ ಸೆಮಿ ಆಟೋಮ್ಯಾಟಿಕ್ಕೇ. ರುಬ್ಬೋದು ಅದು, ತೊಳೆಯೋದು ನೀವು. ಅದೇ ಐನೂರರಲ್ಲಿ."