ಹಸಿರು ಸೊನ್ನೆ

ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದ ಐದನೇ ತಿಂಗಳಿಗೆ ಮಗಳು ನಮ್ಮಿಬ್ಬರನ್ನೂ ಸೋಫಾದ ಮೇಲೆ ಕೂರಿಸಿ, "ಅಮ್ಮಾ, ಇಷ್ಟು ದಿನ ಡಯಾಪರು, ಅಂಟಿನುಂಡೆ ಅಂತ ಒದ್ದಾಡಿದ್ದೀರಿ. ಮೈಸೂರಿಗೆ ಹೊರಡೋ ಮುಂಚೆ ನೀವಿಬ್ಬರೇ ಮೂರು ದಿನ ಲಾಸ್ ವೇಗಸ್‌ಗೆ ಹೋಗಿಬನ್ನಿ. ಮಗೂನ ಕರ್ಕೊಂಡು ಹೋಗೋ ಜಾಗ ಅಲ್ಲ ಅದು, ದೊಡ್ಡವರ ಊರು" ಅಂದಳು.

ನನಗೆ 64, ಇವರಿಗೆ 70. ದೊಡ್ಡವರೆನ್ನಿಸಿಕೊಳ್ಳಲು ಇಷ್ಟು ಸಾಕಲ್ಲ. ಅಲ್ಲಿ ಜೂಜಾಡಲು 21 ತುಂಬಿರಬೇಕು ಎಂದು ಅಳಿಯಂದಿರು ಹೇಳಿದ್ದೇ ತಡ, ಇವರು ಎದ್ದುಹೋಗಿ ಪಾಸ್‌ಪೋರ್ಟಿನ ಜೊತೆ ಆಧಾರ್ ಕಾರ್ಡನ್ನೂ ಪೆನ್ಷನ್ ಪುಸ್ತಕವನ್ನೂ ತೆಗೆದಿಟ್ಟರು. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಿವೃತ್ತರಾದವರು. ತಮ್ಮ ವಯಸ್ಸನ್ನು ಯಾರಾದರೂ ಅನುಮಾನಿಸಲಿ ಎಂದು ಹತ್ತು ವರ್ಷದಿಂದ ಕಾಯುತ್ತಿದ್ದಾರೆ.

ಜೂಜಿನ ವಿಷಯದಲ್ಲಿ ನಮ್ಮದು ಅಷ್ಟೇನೂ ಮಡಿಯ ಮನೆತನವಲ್ಲ. ಬಲಿಪಾಡ್ಯಮಿಯ ದಿನ ಅತ್ತೆಯವರೇ ಇಸ್ಪೀಟಿಗೆ ಕೂರುತ್ತಿದ್ದರು, ಪಣಕ್ಕೆ ಹುಣಸೆಬೀಜ. ಹುಣಸೆಬೀಜದಲ್ಲೂ ಅವರು ಮೋಸ ಮಾಡುತ್ತಿದ್ದರು ಎಂಬುದು ಬೇರೆ ಮಾತು. ಅದಕ್ಕಿಂತ ದೊಡ್ಡ ಜೂಜು ನಾವು ಕಂಡದ್ದು ಪೇಪರಿನಲ್ಲಿ ಮಾತ್ರ: "ಅಂದರ್-ಬಾಹರ್: ಎಂಟು ಮಂದಿ ಬಂಧನ, ಪಣಕ್ಕಿಟ್ಟಿದ್ದ ಹಣ ವಶ." ಅದನ್ನೇ ಮಾಡಲು ಇಲ್ಲಿ ವಿಮಾನದಲ್ಲಿ ಹೋಗಬೇಕು, ಕೋಣೆ ಹಿಡಿಯಬೇಕು. 1931ರಿಂದಲೇ ನೆವಾಡಾದಲ್ಲಿ ಇದು ಕಾನೂನಿಗೆ ಒಪ್ಪಿದ ಕಸುಬಂತೆ.

ಮೈಸೂರಿಗೆ ಏನು ಹೇಳುವುದು ಎಂಬುದು ಮೊದಲ ಸಮಸ್ಯೆಯಾಯಿತು. ಸರಸ್ವತೀಪುರಂನಲ್ಲಿ ನನ್ನ ಓರಗಿತ್ತಿ ಇದ್ದಾರೆ, ಭಾವನವರ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಏಕಾದಶಿಗೆ ನೀರೂ ಮುಟ್ಟದವರು. ನಾಲ್ಕು ವರ್ಷದ ಹಿಂದೆ ಅವರೂ ಅಮೆರಿಕಕ್ಕೆ ಬಂದು ಹೋಗಿ, ಗ್ರ್ಯಾಂಡ್ ಕ್ಯಾನಿಯನ್ನಿನ ನೂರಾನಲವತ್ತು ಫೋಟೋ ತೋರಿಸಿ, ಬಂಡೆ ನೋಡಿ ವೈರಾಗ್ಯ ಬಂತು ಅಂದಿದ್ದರು. ಅವರಿಗೆ ವೇಗಸ್ ಅನ್ನುವುದು ಹೇಗೆ? ಇವರೇ ನಕ್ಷೆ ನೋಡಿ ದಾರಿ ಹುಡುಕಿದರು. ಊರಿಂದ ಐವತ್ತು ಕಿಲೋಮೀಟರಿನಲ್ಲಿ ಹೂವರ್ ಡ್ಯಾಮ್ ಇದೆ, 1935ರದ್ದು. "ಅಣೆಕಟ್ಟು ನೋಡೋಕೆ ಹೋಗ್ತಿದ್ದೀವಿ ಅನ್ನು. ಕೆಆರ್‌ಎಸ್ ಊರಿನವರು, ಅಣೆಕಟ್ಟು ಅಂದರೆ ಯಾರೂ ಬೇಡ ಅನ್ನಲ್ಲ."

ಆಮೇಲೆ ಹೋಟೆಲು. ಅಲ್ಲಿ ಐಫೆಲ್ ಗೋಪುರ ಉಂಟು, ಅಸಲಿಯ ಅರ್ಧ ಎತ್ತರದ್ದು. ಮೂವತ್ತು ಅಂತಸ್ತಿನ ಪಿರಮಿಡ್ ಉಂಟು. ಬಣ್ಣ ಬಳಿದ ಆಕಾಶದ ಕೆಳಗೆ, ಕಟ್ಟಡದೊಳಗೇ ಹರಿಯುವ ವೆನಿಸ್ ಕಾಲುವೆ ಉಂಟು. ಇವರ ಕಣ್ಣು ಬಿದ್ದದ್ದು ಹೆಸರು ಹೇಳಬಾರದ ಒಂದು ರೆಸಾರ್ಟಿನ ಮೇಲೆ. ವಾರದ ನಡುವೆ ರಾತ್ರಿಗೆ 42 ಡಾಲರ್. "ಛತ್ರಕ್ಕಿಂತ ಅಗ್ಗ!" ಎಂದು ಕುಣಿದರು. ಕಾರ್ಡ್ ನಂಬರ್ ಒತ್ತುವ ಹೊತ್ತಿಗೆ ರೆಸಾರ್ಟ್ ಫೀ ಎಂದು ದಿನಕ್ಕೆ 45 ಡಾಲರ್ ತಲೆಯೆತ್ತಿತು. ಈಜುಕೊಳ ಬೇಡ, ಜಿಮ್ ಬೇಡ ಅಂದರೂ ಬಿಡುವಂತಿಲ್ಲ. ಸೀರೆಗಿಂತ ರವಿಕೆ ಹೊಲಿಗೆಗೇ ಹೆಚ್ಚಾಯಿತಲ್ಲ ಅಂದೆ. ಇವರು ಆ ರಾತ್ರಿ ಮಾತಾಡಲಿಲ್ಲ.

ಕೋಣೆಯಲ್ಲಿ ಕೆಟಲ್ ಇಲ್ಲ ಎಂಬುದು ಮರುದಿನ ತಿಳಿಯಿತು. ಅಲ್ಲಿನ ಎಷ್ಟೋ ಹೋಟೆಲುಗಳಲ್ಲಿ ಇಡುವುದಿಲ್ಲವಂತೆ. ಕಾಫಿ ಬೇಕಾದರೆ ಕೆಳಗಿಳಿಯಬೇಕು, ಇಳಿದರೆ ಎದುರಿಗೇ ಕ್ಯಾಸಿನೋ. ಊಟಕ್ಕೆ, ಬೀದಿಗೆ, ಎಲ್ಲಿಗೆ ಹೋಗಬೇಕಾದರೂ ಮಷಿನ್ನುಗಳ ನಡುವೆ ಬಳಸಿಕೊಂಡೇ ಹೋಗಬೇಕು. ತಿರುಪತಿಯ ಕ್ಯೂನಲ್ಲಿ ಕೊನೆಗೆ ದೇವರಾದರೂ ಸಿಗುತ್ತಾನೆ. ಇಲ್ಲಿ ಸಿಗುವುದು ಡಿಕಾಕ್ಷನ್ ಇಲ್ಲದ ಕಾಫಿ. ನಾನು ಸುಮ್ಮನೆ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಫಿಲ್ಟರ್ ಮತ್ತು ಪುಟ್ಟದೊಂದು ಕೆಟಲನ್ನು ಸೂಟ್‌ಕೇಸಿಗೆ ತುಂಬಿದೆ.

ಇನ್ನು ಆಟ. ಇವರು ಎರಡು ದಿನ ರೂಲೆಟ್ ಚಕ್ರವನ್ನು ಆಡಿಟ್ ಮಾಡಿದರು. "ನೋಡೇ, ಚಕ್ರದಲ್ಲಿ 38 ಮನೆ. ಒಂದರಿಂದ 36, ಅರ್ಧ ಕೆಂಪು ಅರ್ಧ ಕಪ್ಪು. ಜೊತೆಗೆ ಎರಡು ಹಸಿರು ಮನೆ: ಸೊನ್ನೆ, ಜೋಡಿ ಸೊನ್ನೆ. ಎಲ್ಲಾ ಮನೆಗೂ ಒಂದೊಂದು ಡಾಲರ್ ಕಟ್ಟಿದೆ ಅಂತಿಟ್ಕೋ. ಒಂದು ಮನೆ ಗೆದ್ದೇ ಗೆಲ್ಲುತ್ತೆ. 35 ಕೊಡ್ತಾರೆ, ಕಟ್ಟಿದ ಒಂದು ವಾಪಸ್ಸು. ಕೊಟ್ಟಿದ್ದು 38, ಬಂದಿದ್ದು 36. ಎರಡು ಡಾಲರ್ ಎಲ್ಲಿ ಹೋಯ್ತು?"

"ಎಲ್ಲಿ ಹೋಯ್ತು?"

"ಹಸಿರು ಸೊನ್ನೆಗಳ ಹೊಟ್ಟೆಗೆ. ನೂರಕ್ಕೆ 5.26. ಇದು ಜೂಜಲ್ಲ ಕಣೇ, ಸರ್ವಿಸ್ ಚಾರ್ಜು."

ಶಕುನಿ ದಾಳವನ್ನು ಮಂತ್ರಿಸಿದನೋ ಇಲ್ಲವೋ, ಕ್ಯಾಸಿನೋದವರು ಲೆಕ್ಕವನ್ನು ಎದುರಿಗೇ ತೆರೆದಿಟ್ಟು ಕರೆಯುತ್ತಾರೆ, ಜನ ಬರುತ್ತಾರೆ. ಇಷ್ಟೆಲ್ಲ ತಿಳಿದ ಮೇಲೆ ಆಡುವುದೇ ಬೇಡ ಅನ್ನಬಹುದು ಅಂದುಕೊಂಡೆ. ಇವರು ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಹೊಸ ಕಲಮು ಬರೆದರು: "ನಷ್ಟ (ಅಂದಾಜು): 40 ಡಾಲರ್." ಮಂಜೂರಾದ ನಷ್ಟ ನಷ್ಟವಲ್ಲವಂತೆ.

ನಮ್ಮಿಬ್ಬರ ಜಗಳ ನಿಜವಾಗಿ ಹತ್ತಿದ್ದು ಮ್ಯೂಸಿಯಮ್ಮಿಗೆ. ಇವರಿಗೆ ಮಾಬ್ ಮ್ಯೂಸಿಯಂ ಬೇಕು. 1933ರ ಹಳೆಯ ಕೋರ್ಟು-ಪೋಸ್ಟಾಫೀಸು ಕಟ್ಟಡ, 1950ರಲ್ಲಿ ಸೆನೆಟರ್ ಕೆಫಾವರ್ ಸಮಿತಿ ಮಾಫಿಯಾದ ವಿಚಾರಣೆ ನಡೆಸಿದ ಕೋಣೆ ಅಲ್ಲೇ ಇದೆ. ಇವರ ಆಸೆ ಬಂದೂಕು ನೋಡುವುದಲ್ಲ. ಒಂದು ಕಾಲಕ್ಕೆ ಕ್ಯಾಸಿನೋದ ಹಣ ಎಣಿಸುವ ಕೋಣೆಯಲ್ಲಿ, ಲೆಕ್ಕ ಬರೆಯುವ ಮೊದಲೇ ಕಟ್ಟು ಕಟ್ಟು ನೋಟು ಎತ್ತಿ ದೂರದೂರಿನ ದೊರೆಗಳಿಗೆ ಸಾಗಿಸುತ್ತಿದ್ದರಂತೆ. "ವೋಚರೇ ಇಲ್ಲದೆ!" ಎಂದು ಇವರು ಭಕ್ತಿಯಿಂದ ಕೈ ಉಜ್ಜಿಕೊಂಡರು.

ಅಳಿಯಂದಿರದು ಅಣುಪರೀಕ್ಷೆಯ ಮ್ಯೂಸಿಯಂ. 1951ರಿಂದ ಊರಾಚೆ ನೂರು ಕಿಲೋಮೀಟರಿನಲ್ಲಿ ಬಾಂಬು ಸಿಡಿಸುತ್ತಿದ್ದರೆ, ಇಲ್ಲಿ ಹೋಟೆಲಿನವರು ಗಿರಾಕಿಗಳ ಕೈಗೆ ಗ್ಲಾಸು ಕೊಟ್ಟು ಅಣಬೆ ಮೋಡ ತೋರಿಸುತ್ತಿದ್ದರಂತೆ. ನಾನು ಅದನ್ನು ಹೊಡೆದುಹಾಕಿದೆ. ರಜೆಯಲ್ಲಿ ಅಷ್ಟು ದೊಡ್ಡವಳಾಗುವ ಮನಸ್ಸಿಲ್ಲ.

ನನಗೆ ಬೇಕಿದ್ದದ್ದು ನಿಯಾನ್ ಮ್ಯೂಸಿಯಂ. ಮುಚ್ಚಿದ, ಕೆಡವಿದ ಹೋಟೆಲುಗಳ ದೀಪದ ಬೋರ್ಡುಗಳನ್ನೆಲ್ಲ ತಂದು ಬಯಲಲ್ಲಿ ನಿಲ್ಲಿಸಿದ್ದಾರೆ. ಆ ಅಂಗಳಕ್ಕೆ ಬೋನ್‌ಯಾರ್ಡ್, ಮೂಳೆಗಳ ಹಿತ್ತಿಲು ಅಂತಲೇ ಹೆಸರು. ಒಳಹೋಗುವ ಬಾಗಿಲೇ ಒಂದು ಹಳೆಯ ಮೋಟೆಲಿನ ಶಂಖದಾಕಾರದ ಲಾಬಿ, ತುಂಡು ತುಂಡಾಗಿ ಕೊಯ್ದು ತಂದು ಮತ್ತೆ ಜೋಡಿಸಿದ್ದು. "ತುಕ್ಕು ಹಿಡಿದ ಬೋರ್ಡು ನೋಡೋಕೆ ಟಿಕೆಟ್ಟೇ?" ಅಂದರು ಇವರು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಮೆಜೆಸ್ಟಿಕ್ಕಿಗೆ ಹತ್ತಿರ. ಅಲ್ಲಿನ ಟಾಕೀಸುಗಳಲ್ಲಿ ಈಗ ಕಪಾಲಿ ಇಲ್ಲ, ಸಾಗರ್ ಇಲ್ಲ, ಅಲಂಕಾರ್ ಇಲ್ಲ. ಅಪ್ಪನ ಹೆಗಲ ಮೇಲೆ ಕೂತು ನಾನು ಕೂಡಿಸಿ ಓದಿದ ಆ ಅಕ್ಷರಗಳು ಯಾವ ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋದವೋ. ಇಷ್ಟನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, "ನನ್ನ ಪಾಲಿನ 20 ಡಾಲರ್ ನಷ್ಟ ಇಲ್ಲೇ ಆಗಲಿ" ಅಂದೆ. ಲೆಕ್ಕದ ಮಾತು ಅಂದಮೇಲೆ ಒಪ್ಪಿದರು. ಎರಡೂ ಮ್ಯೂಸಿಯಂ ಹಳೆಯ ಪೇಟೆಯ ಕಡೆ, ಹೋಟೆಲಿರುವ ಸ್ಟ್ರಿಪ್‌ನಿಂದ ದೂರ. ಸ್ಟ್ರಿಪ್‌ನ ಬಹುಪಾಲು ಲಾಸ್ ವೇಗಸ್ ನಗರದ ಎಲ್ಲೆಯಲ್ಲೇ ಇಲ್ಲವಂತೆ. ಆ ಜಾಗದ ಹೆಸರು ಪ್ಯಾರಡೈಸ್. "ಸ್ವರ್ಗವಾಸಕ್ಕೆ ಇನ್ನೂ ಟೈಮಿದೆ, ಆದಷ್ಟು ಹೊತ್ತು ಪೇಟೆಯಲ್ಲೇ ಇರೋಣ" ಎಂದು ಇವರು ಬಸ್ಸಿನ ವೇಳೆ ಬರೆದುಕೊಂಡರು.

ಹೊರಡುವ ಹಿಂದಿನ ರಾತ್ರಿ ಮೈಸೂರಿಗೆ ಫೋನ್ ಮಾಡಿ, ಅಣೆಕಟ್ಟು ನೋಡಲು ಹೋಗುತ್ತಿದ್ದೇವೆ ಅಂದೆ.

"ಯಾವ ಅಣೆಕಟ್ಟು?"

"ಹೂವರ್ ಡ್ಯಾಮ್ ಅಂತ, ಅಕ್ಕ. ಇಬ್ಬರೇ. ಎಂಜಿನಿಯರಿಂಗು, ಕಾಂಕ್ರೀಟು..."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ದೇವರ ಮನೆಯ ಗಂಟೆ ಕೇಳಿಸಿತು. ಭಾವನವರು ಪೂಜೆಗೆ ಕೂತಿರಬೇಕು. ಅಕ್ಕ ಎದ್ದು ಹಿತ್ತಿಲಿಗೆ ಬಂದಂತೆ ಚಪ್ಪಲಿ ಸದ್ದು, ಬಾಗಿಲು ಮುಂದೆ ಮಾಡಿದ ಸದ್ದು.

"ಬಿಸಿಲು ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ. ಟೋಪಿ ಇಟ್ಕೊಳ್ಳಿ" ಅಂದರು. ಆಮೇಲೆ ದನಿ ತೀರಾ ತಗ್ಗಿಸಿ, "ನೋಡು, ಆ ಹಸಿರು ಸೊನ್ನೆ ಮೇಲೆ ಮಾತ್ರ ಕಟ್ಟಬೇಡಿ."